ಸಂಬಳದ ಮೇಲೆ ತೆರಿಗೆ ಸೊನ್ನೆ, ಹೊರಗಿನ ಕೆಲಸ ಸೇರಿದರೆ 78,780 ರೂಪಾಯಿ!

ಓದುಗರ ಪತ್ರದ ಸಾರ: ನಾನು ಮೈಸೂರಿನ ಖಾಸಗಿ ಕಂಪನಿಯೊಂದರಲ್ಲಿ ಸಿವಿಲ್ ಎಂಜಿನಿಯರ್. ವರ್ಷದ ಸಂಬಳ 11,40,000 ರೂ. ಆಫೀಸಿನಿಂದ ಬಂದ ಫಾರ್ಮ್ 16ರಲ್ಲಿ ತೆರಿಗೆ ಸೊನ್ನೆ ಎಂದಿದೆ. ರಾತ್ರಿ ಹೊತ್ತು ಮತ್ತು ಭಾನುವಾರ ಮನೆ ಕಟ್ಟುವವರಿಗೆ ಸ್ಟ್ರಕ್ಚರಲ್ ಡ್ರಾಯಿಂಗ್, ಎಸ್ಟಿಮೇಟ್ ಮಾಡಿಕೊಡುತ್ತೇನೆ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಅದರಿಂದ 4,80,000 ರೂ. ಆಗಿದೆ. ಇದರಲ್ಲಿ 3,00,000 ಒಂದು ಆರ್ಕಿಟೆಕ್ಟ್ ಸಂಸ್ಥೆಯದು. ಅವರು 10% ಟಿಡಿಎಸ್ ಹಿಡಿದು 2,70,000 ಹಾಕಿದ್ದಾರೆ. ಉಳಿದ 1,80,000 ಮನೆ ಮಾಲೀಕರು ಯುಪಿಐನಲ್ಲಿ ಕಳಿಸಿದ್ದು. ತೆರಿಗೆ ಹಿಡಿದಾಯಿತಲ್ಲ, ಮತ್ತೆ ತೋರಿಸಬೇಕೆ? ‘ಸಂಬಳದಾರರ ಸರಳ ರಿಟರ್ನ್ ಫಾರ್ಮ್ ಐಟಿಆರ್-1ರಲ್ಲಿ ಇತರ ಆದಾಯ ಅಂತ ಹಾಕಿಬಿಡು’ ಎನ್ನುತ್ತಾರೆ ನಮ್ಮ ಭಾವ. ಆಫೀಸಿಗೆ ಗೊತ್ತಾಗುತ್ತದೆಯೇ? ಅದರ ಹಿಂದಿನ ವರ್ಷ ಸಂಬಳ 10,80,000 ಇತ್ತು, ಹೊರಗಿನ ಕೆಲಸದಿಂದ 2,10,000 ಬಂದಿತ್ತು. ಅದನ್ನು ತೋರಿಸಿಲ್ಲ. ಏನು ಮಾಡಲಿ?

ಸಂಪಾದಕರ ಉತ್ತರ:

ತೋರಿಸಲೇಬೇಕು, ಪೂರ್ತಿ 4,80,000 ರೂಪಾಯಿಯನ್ನೂ ತೋರಿಸಬೇಕು. ಟಿಡಿಎಸ್ ಎಂದರೆ ನಿಮ್ಮ ಲೆಕ್ಕಕ್ಕೆ ಮುಂಗಡವಾಗಿ ಜಮೆಯಾದ ಹಣವಷ್ಟೇ, ಅದೇ ಕೊನೆಯ ತೆರಿಗೆಯಲ್ಲ. ಮನೆ ಮಾಲೀಕರು ಟಿಡಿಎಸ್ ಹಿಡಿಯದಿರುವುದಕ್ಕೂ ನಿಮ್ಮ ತೆರಿಗೆಗೂ ಸಂಬಂಧವಿಲ್ಲ. ಸ್ವಂತ ಮನೆಗೆ ಡ್ರಾಯಿಂಗ್ ಮಾಡಿಸಿಕೊಳ್ಳುವ ಸಾಮಾನ್ಯ ವ್ಯಕ್ತಿಗೆ ಇಷ್ಟು ಸಣ್ಣ ಮೊತ್ತದ ಮೇಲೆ ಟಿಡಿಎಸ್ ಹಿಡಿಯುವ ಹೊಣೆಯೇ ಇಲ್ಲ, ಅದಕ್ಕೆ ಹಿಡಿದಿಲ್ಲ.

ನಿಮ್ಮ ಪತ್ರದಲ್ಲಿ ನಮಗೆ ಹೆಚ್ಚು ಆತಂಕ ತಂದದ್ದು ಫಾರ್ಮ್ 16ರ ಆ ಸೊನ್ನೆ. 11,40,000ದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10,65,000. ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ 87ಎ ಕಲಮಿನ ರಿಯಾಯಿತಿಯಿಂದ ತೆರಿಗೆ ಪೂರ್ತಿ ಮಾಫಿ. ನಿಮ್ಮ 10,65,000ಕ್ಕೂ 46,500 ರೂ. ತೆರಿಗೆ ಬರುತ್ತದೆ, ರಿಯಾಯಿತಿ ಅದನ್ನು ಅಳಿಸಿದೆ. ಹೊರಗಿನ ಆದಾಯ ಸೇರಿ ಒಟ್ಟು ಮೊತ್ತ 12 ಲಕ್ಷ ದಾಟಿತೆಂದರೆ ಆ ರಿಯಾಯಿತಿ ಹೋಗುತ್ತದೆ. ಆಗ ಸಂಬಳದ ಮೇಲಿನ ತೆರಿಗೆಯೂ ಎದ್ದು ಕೂರುತ್ತದೆ. ಹೊರಗಿನ ಕೆಲಸದ ಹಣಕ್ಕೆ ಮಾತ್ರ ತೆರಿಗೆ ಎಂದುಕೊಂಡವರು ಎಡವುವುದು ಇಲ್ಲೇ.

ಈಗ ನಿಮ್ಮ ಲೆಕ್ಕ. ಎಂಜಿನಿಯರಿಂಗ್ ಕೆಲಸ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿಗೆ ಸೇರುತ್ತದೆ. ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಲೆಕ್ಕಪತ್ರ, ತಾಂತ್ರಿಕ ಸಲಹೆ, ಒಳಾಂಗಣ ವಿನ್ಯಾಸ, ಮಾಹಿತಿ ತಂತ್ರಜ್ಞಾನ ಮುಂತಾದ ವೃತ್ತಿಗಳವರು ವರ್ಷದ ಒಟ್ಟು ವಸೂಲಿ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು. ನಗದಿನ ಪಾಲು 5% ಮೀರದಿದ್ದರೆ ಈ ಮಿತಿ 75 ಲಕ್ಷ. ಖರ್ಚಿನ ಲೆಕ್ಕಪುಸ್ತಕ ಇಡಬೇಕಿಲ್ಲ. ಆದರೆ ಲ್ಯಾಪ್‌ಟಾಪ್, ಇಂಟರ್ನೆಟ್, ಸಾಫ್ಟ್‌ವೇರ್ ಎಂದು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಎಲ್ಲವೂ ಆ ಅರ್ಧದಲ್ಲೇ ಮುಗಿಯಿತು. ಲಾಭ ಅರ್ಧಕ್ಕಿಂತ ಕಡಿಮೆ ಎಂದು ತೋರಿಸಬೇಕಾದರೆ ಲೆಕ್ಕಪುಸ್ತಕವೂ ಬೇಕು, ನಿಮ್ಮಷ್ಟು ಆದಾಯವಿರುವವರಿಗೆ ಸಿಎ ಆಡಿಟ್ ಕೂಡ ಬೇಕು. ಕೂತು ಡ್ರಾಯಿಂಗ್ ಮಾಡುವ ಕೆಲಸಕ್ಕೆ ಅಷ್ಟು ಖರ್ಚು ಬರುವುದಿಲ್ಲ, ಆ ದಾರಿ ನಿಮಗೆ ಬೇಡ.

4,80,000ದ ಅರ್ಧ 2,40,000. ಸಂಬಳದ 10,65,000ಕ್ಕೆ ಸೇರಿಸಿದರೆ 13,05,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷಕ್ಕೆ 5% ಅಂದರೆ 20,000. 8ರಿಂದ 12ಕ್ಕೆ 10%, 40,000. ಮೇಲಿನ 1,05,000ಕ್ಕೆ 15%, 15,750. ಒಟ್ಟು 75,750, ಅದರ ಮೇಲೆ 4% ಸೆಸ್ 3,030. ಕೊನೆಗೆ 78,780 ರೂ. ಟಿಡಿಎಸ್ 30,000 ಕಳೆದರೆ ನೀವು ಕಟ್ಟಬೇಕಾದದ್ದು 48,780. ಉಳಿತಾಯ ಖಾತೆ, ಎಫ್‌ಡಿ ಬಡ್ಡಿ ಇದ್ದರೆ ಅದೂ ಮೇಲೆ ಸೇರುತ್ತದೆ. ನೀವು ಬರೆದಿಲ್ಲವಾದ್ದರಿಂದ ಇಲ್ಲಿ ಬಿಟ್ಟಿದ್ದೇವೆ. ಇದೇ ಸಂಬಳದಲ್ಲಿ ಹೊರಗಿನ ವಸೂಲಿ 2,70,000 ದಾಟದೆ ಇದ್ದಿದ್ದರೆ ಲಾಭ 1,35,000, ಒಟ್ಟು ಸರಿಯಾಗಿ 12 ಲಕ್ಷ, ತೆರಿಗೆ ಸೊನ್ನೆಯೇ ಆಗುತ್ತಿತ್ತು.

ನಿಮ್ಮ ಭಾವನವರ ಸಲಹೆ ಕೇಳಬೇಡಿ. ‘ಇತರ ಆದಾಯ’ ಎಂದು ಹಾಕಿದರೆ ಅರ್ಧ ಕಳೆಯುವ ಸೌಲಭ್ಯವಿಲ್ಲ. ಪೂರ್ತಿ 4,80,000 ಸೇರಿ ಒಟ್ಟು 15,45,000 ಆಗಿ, ತೆರಿಗೆ 1,16,220ಕ್ಕೆ ಏರುತ್ತದೆ, 37,440 ರೂ. ಸುಮ್ಮನೆ ಹೆಚ್ಚು ಕಟ್ಟಿದಂತೆ. ಅದೂ ಅಲ್ಲದೆ ವರ್ಷವಿಡೀ ಮಾಡುವ ಕೆಲಸ ವೃತ್ತಿ ಆದಾಯ, ಐಟಿಆರ್-1ರಲ್ಲಿ ಅದಕ್ಕೆ ಜಾಗವೇ ಇಲ್ಲ. ಆರ್ಕಿಟೆಕ್ಟ್ ಸಂಸ್ಥೆ ಹಿಡಿದ ಟಿಡಿಎಸ್ ವೃತ್ತಿ ಶುಲ್ಕದ 194ಜೆ ಕಲಮಿನಡಿ ನಿಮ್ಮ ಪ್ಯಾನ್‌ಗೆ ಬಿದ್ದಿರುತ್ತದೆ. ಟಿಡಿಎಸ್ ಒಂದು ಹೇಳಿ ರಿಟರ್ನ್ ಇನ್ನೊಂದು ಹೇಳಿದರೆ, ದೋಷವಿದೆ ಎಂದು ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಬೆಂಗಳೂರು ಕೇಂದ್ರದಿಂದ (ಸಿಪಿಸಿ) ನೋಟಿಸ್ ಬರಬಹುದು. ಅದಕ್ಕೆ ಉತ್ತರಿಸಲು 15 ದಿನ ಮಾತ್ರ.

44ಎಡಿಎಯಂತೆ ಅಂದಾಜು ಲಾಭ ತೋರಿಸುವವರ ಫಾರ್ಮ್ ಐಟಿಆರ್-4 ನಿಮಗೆ ಸಾಕು. ಆದರೆ ಷೇರು ಮಾರಿ ಅಲ್ಪಾವಧಿ ಲಾಭ ಬಂದಿದ್ದರೆ, ಯಾವುದಾದರೂ ಕಂಪನಿಗೆ ಡೈರೆಕ್ಟರ್ ಆಗಿದ್ದರೆ, ವಿದೇಶದಲ್ಲಿ ಆಸ್ತಿ ಇದ್ದರೆ ಅಥವಾ ಒಟ್ಟು ಆದಾಯ 50 ಲಕ್ಷ ದಾಟಿದ್ದರೆ ಐಟಿಆರ್-3 ತುಂಬಬೇಕು. ವಿದೇಶಿ ಮಾತೃಸಂಸ್ಥೆಯ ಷೇರುಗಳನ್ನು ಆಫೀಸಿನಿಂದ ಪಡೆದವರು ಇದನ್ನು ಮರೆಯುವುದು ಹೆಚ್ಚು. ಆ ಷೇರೂ ವಿದೇಶಿ ಆಸ್ತಿಯೇ.

ತುಂಬುವ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ನಿಮ್ಮ ಆದಾಯ, ವ್ಯವಹಾರಗಳ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿ) ಎರಡನ್ನೂ ಇಳಿಸಿಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಸಂಸ್ಥೆಗಳಿಗೆ ಮೇ 31ರವರೆಗೆ ಸಮಯವಿರುವುದರಿಂದ ಜೂನ್ ಮಧ್ಯಕ್ಕಿಂತ ಮೊದಲು ನೋಡಿದರೆ ಅರ್ಧ ಚಿತ್ರವೇ ಸಿಗುತ್ತದೆ. ಹಿಡಿದ ಟಿಡಿಎಸ್ ಅಲ್ಲಿ ಕಾಣದಿದ್ದರೆ ಸಂಸ್ಥೆಯವರಿಂದ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಕೇಳಿ. ಕೆಲವೊಮ್ಮೆ ಹಿಡಿದು ಕಟ್ಟಿಯೇ ಇರುವುದಿಲ್ಲ, ಕೆಲವೊಮ್ಮೆ ಪ್ಯಾನ್‌ನ ಒಂದು ಅಕ್ಷರ ತಪ್ಪಿರುತ್ತದೆ. ಎರಡಕ್ಕೂ ಪರಿಹಾರ ಇರುವುದು ಅವರ ಕೈಯಲ್ಲೇ. ತಮ್ಮ ಟಿಡಿಎಸ್ ವಿವರವನ್ನು ಅವರೇ ತಿದ್ದಿ ಸಲ್ಲಿಸಬೇಕು.

ಫಾರ್ಮಿನ 44ಎಡಿಎ ಭಾಗದಲ್ಲಿ ಎಂಜಿನಿಯರಿಂಗ್ ಮತ್ತು ತಾಂತ್ರಿಕ ಸಲಹೆಯ ಸಂಕೇತ ಆರಿಸಿ. ಒಟ್ಟು ವಸೂಲಿ 4,80,000 ಎಂದು ಬರೆಯಿರಿ. ಬ್ಯಾಂಕಿಗೆ ಬಿದ್ದದ್ದು 4,50,000 ತಾನೇ ಎಂದು ಅದನ್ನೇ ಬರೆಯುವ ತಪ್ಪು ತೀರಾ ಸಾಮಾನ್ಯ. ಟಿಡಿಎಸ್ ಹಿಡಿದ 30,000 ಕೂಡ ನಿಮ್ಮ ಸಂಪಾದನೆಯೇ. ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದದ್ದು, ನಗದಾಗಿ ಬಂದದ್ದು ಎಂದು ಬೇರೆ ಬೇರೆ ಕೇಳುತ್ತದೆ. ಕಂಟ್ರಾಕ್ಟರ್ ನಿಮ್ಮ ಕೈಗೆ ಕೊಟ್ಟ ನೋಟು ಇದ್ದರೆ ಅದನ್ನೂ ಸೇರಿಸಿ. ಇನ್ನೂ ಬರಬೇಕಾದ ಬಾಕಿ, ಮಾರ್ಚ್ 31ರಂದು ಕೈಯಲ್ಲಿದ್ದ ನಗದು ಇವುಗಳ ಸಾಲುಗಳನ್ನು ಖಾಲಿ ಬಿಡಬೇಡಿ. ಟಿಡಿಎಸ್ ಪಟ್ಟಿಯಲ್ಲಿ 30,000ದ ಎದುರು ಆದಾಯದ ಶೀರ್ಷಿಕೆ ‘ವ್ಯವಹಾರ ಮತ್ತು ವೃತ್ತಿ’ ಎಂದೇ ಇರಲಿ.

ಬಾಕಿ ತೆರಿಗೆಯನ್ನು ‘ಇ-ಪೇ ಟ್ಯಾಕ್ಸ್’ನಲ್ಲಿ ಸ್ವಯಂ ನಿರ್ಧರಣೆ ತೆರಿಗೆ, ಅಂದರೆ 300ನೇ ಶೀರ್ಷಿಕೆಯಡಿ ಕಟ್ಟಿ. ವರ್ಷ ಕೇಳಿದಾಗ 2026-27ರ ನಿರ್ಧರಣಾ ವರ್ಷವನ್ನೇ (ಅಸೆಸ್‌ಮೆಂಟ್ ಇಯರ್, ಅಂದರೆ ಆದಾಯ ಬಂದ ವರ್ಷದ ಮುಂದಿನ ವರ್ಷ) ಆರಿಸಿ. 2025-26 ಒತ್ತಿದರೆ ದುಡ್ಡು ಹಿಂದಿನ ವರ್ಷದ ಖಾತೆಗೆ ಹೋಗಿ, ಈ ರಿಟರ್ನ್‌ನಲ್ಲಿ ಬಾಕಿ ಹಾಗೆಯೇ ಉಳಿಯುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ. ಆದರೂ ಮಾರ್ಚ್‌ವರೆಗಿನ ನಿಮ್ಮ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ, ಗಲಿಬಿಲಿ ಬೇಡ.

48,780ರ ಜೊತೆ ಬಡ್ಡಿಯೂ ಇದೆ. ಟಿಡಿಎಸ್ ಕಳೆದ ಮೇಲೆ 10,000 ಅಥವಾ ಹೆಚ್ಚು ತೆರಿಗೆ ಉಳಿಯುವುದಾದರೆ ಮುಂಗಡ ತೆರಿಗೆ ಕಟ್ಟಬೇಕು. 44ಎಡಿಎ ಆಯ್ದವರಿಗೆ ನಾಲ್ಕು ಕಂತಿನ ರಗಳೆಯಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಆಯಿತು. ನೀವು ಕಟ್ಟಿಲ್ಲ. ಹಾಗಾಗಿ 234ಸಿ ಪ್ರಕಾರ 1%, ಅಂದರೆ 487 ರೂ.; 234ಬಿ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ 1%. ಜುಲೈಯಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 1,948. ತಿಂಗಳ ಒಂದು ದಿನವಾದರೂ ಪೂರ್ತಿ ತಿಂಗಳೆಂದೇ ಲೆಕ್ಕ. ಆದ್ದರಿಂದ ರಿಟರ್ನ್ ತುಂಬುವುದು ತಡವಾದರೂ ತೆರಿಗೆಯನ್ನು ಈ ತಿಂಗಳೇ ಕಟ್ಟಿಬಿಡಿ.

ಹಳೆಯ ಪದ್ಧತಿಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಂಬಳ ಮಾತ್ರ ಇರುವವರು ಹಳೆಯ ಮತ್ತು ಹೊಸ ಪದ್ಧತಿಯ ನಡುವೆ ಪ್ರತಿ ವರ್ಷ ಬದಲಾಯಿಸಬಹುದು. ವೃತ್ತಿ ಆದಾಯ ತೋರಿಸಿದವರಿಗೆ ಆ ಸ್ವಾತಂತ್ರ್ಯವಿಲ್ಲ. ಹಳೆಯದು ಬೇಕೆಂದರೆ ಗಡುವಿನೊಳಗೆ 10-ಐಇಎ ಫಾರ್ಮ್ ಸಲ್ಲಿಸಬೇಕು. ಅಲ್ಲಿಂದ ಹೊಸದಕ್ಕೆ ಮರಳಲು ಒಂದೇ ಅವಕಾಶ. ಮರಳಿದ ಮೇಲೆ ವೃತ್ತಿ ಆದಾಯ ಇರುವವರೆಗೆ ಹಳೆಯದು ಮತ್ತೆ ಸಿಗುವುದಿಲ್ಲ. ಗೃಹಸಾಲ, ಮನೆ ಬಾಡಿಗೆ, ವಿಮೆ ಇಟ್ಟುಕೊಂಡವರು ಎರಡೂ ಕಡೆ ಲೆಕ್ಕ ಹಾಕಿ, ಮುಂದಿನ ಕೆಲವು ವರ್ಷಗಳನ್ನೂ ಯೋಚಿಸಿ ನಿರ್ಧರಿಸಬೇಕು.

ಹಿಂದಿನ ವರ್ಷದ 2,10,000ಕ್ಕೆ ದಾರಿ ಇದೆ: ಐಟಿಆರ್-ಯು, ಅಂದರೆ ಅಪ್‌ಡೇಟೆಡ್ (ನವೀಕರಿಸಿದ) ರಿಟರ್ನ್. ಆ ವರ್ಷ ನೀವು ಹೊಸ ಪದ್ಧತಿಯಲ್ಲಿದ್ದಿರಿ ಎಂದುಕೊಂಡರೆ ಸಂಬಳ 10,05,000, ಅದಕ್ಕೆ 1,05,000 ಲಾಭ ಸೇರಿ 11,10,000. ಆ ವರ್ಷದ ದರದಲ್ಲಿ ಸೇರಿದ ಭಾಗಕ್ಕೆ 15%. ಸೆಸ್ ಸೇರಿ 16,380 ರೂ. ಇದಕ್ಕೆ ಬಡ್ಡಿ ಕೂಡಿಸಿ, ಬಂದ ಮೊತ್ತದ ಮೇಲೆ ಇನ್ನೂ 25% ಕಟ್ಟಬೇಕು. ಈ 25% ದರ 2027ರ ಮಾರ್ಚ್ 31ರವರೆಗೆ ಮಾತ್ರ, ಆಮೇಲೆ 50%. ಇಲಾಖೆಯವರೇ ಹಿಡಿದರೆ ಕಡಿಮೆ ತೋರಿಸಿದ ಆದಾಯದ ತೆರಿಗೆಯ 50%, ಬೇಕೆಂದೇ ತಪ್ಪು ತೋರಿಸಿದ್ದು ಎಂದು ತೀರ್ಮಾನವಾದರೆ 200% ದಂಡ. ನೋಟಿಸ್ ಬರುವ ಮೊದಲು ಕಟ್ಟಿ ಮುಗಿಸುವುದು ಒಳ್ಳೆಯದು.

ಈ ವರ್ಷದ ಕೆಲಸಕ್ಕೆ ಈಗಲೇ ಮಾಡಬಹುದಾದದ್ದು ಎರಡು. ಮೊದಲನೆಯದು, ಹೊರಗಿನ ಕೆಲಸಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ ಐಡಿ. ಸ್ನೇಹಿತರು ಊಟದ ಪಾಲು ಕಳಿಸಿದ್ದು, ತಂಗಿ ಕೈಸಾಲ ತೀರಿಸಿದ್ದು ಎಲ್ಲ ಒಂದೇ ಖಾತೆಯಲ್ಲಿ ಬೆರೆತರೆ ಯಾವುದು ಶುಲ್ಕ, ಯಾವುದಲ್ಲ ಎಂದು ಎರಡು ವರ್ಷದ ನಂತರ ವಿವರಿಸುವುದು ಕಷ್ಟ. ಪ್ರತಿ ಕೆಲಸಕ್ಕೂ ನಂಬರ್ ಹಾಕಿದ ಬಿಲ್ ಕೊಡಿ. ಒಂದು ಎಕ್ಸೆಲ್ ಹಾಳೆಯಲ್ಲಿ ತಾರೀಖು, ಯಾರಿಂದ, ಬಿಲ್ ನಂಬರ್, ಪೂರ್ತಿ ಮೊತ್ತ, ಹಿಡಿದ ಟಿಡಿಎಸ್, ಖಾತೆಗೆ ಬಂದದ್ದು ಎಂದು ಆರು ಕಾಲಂ ಸಾಕು. ಎರಡನೆಯದು, ಆಫೀಸಿನಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಸೌಲಭ್ಯವಿದೆಯೇ ಕೇಳಿ. ಮೂಲ ವೇತನದ 14%ವರೆಗೆ ಕಂಪನಿ ಕಟ್ಟುವ ಪಾಲಿಗೆ ಹೊಸ ಪದ್ಧತಿಯಲ್ಲೂ ವಿನಾಯಿತಿ ಇದೆ. ನಿಮ್ಮ ಮೂಲ ವೇತನ 5 ಲಕ್ಷ ಎಂದುಕೊಂಡು, ಈಗಿನ ಸಂಬಳದೊಳಗೇ 70,000 ಹೀಗೆ ಹೊಂದಿಸಿದರೆ ಮೇಲಿನ 13,05,000 ಆದಾಯ 12,35,000ಕ್ಕೆ ಇಳಿಯುತ್ತದೆ. 12 ಲಕ್ಷ ಸ್ವಲ್ಪವೇ ದಾಟಿದವರಿಗೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲವಾದ್ದರಿಂದ ತೆರಿಗೆ 35,000, ಸೆಸ್ ಸೇರಿ 36,400. ಅದೇ ಆದಾಯ, ಅದೇ ದರಕ್ಕೆ 42,380 ರೂ. ಉಳಿತಾಯ. ಹಣ ನಿವೃತ್ತಿಯವರೆಗೆ ಬಹುಪಾಲು ಕಟ್ಟಿಬಿದ್ದಿರುತ್ತದೆ ಎಂಬುದನ್ನು ಮಾತ್ರ ತಿಳಿದೇ ಒಪ್ಪಿಕೊಳ್ಳಿ.

ಜಿಎಸ್‌ಟಿ ಚಿಂತೆ ನಿಮಗೆ ಈಗ ಬೇಡ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 20 ಲಕ್ಷ, ಸಂಬಳ ಅದರಲ್ಲಿ ಸೇರುವುದಿಲ್ಲ. ಆದರೆ ಯುಪಿಐ ಹಣ ಯಾರಿಗೂ ಕಾಣದು ಎಂಬ ಭ್ರಮೆ ಇದ್ದರೆ, 2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ಆ ಲೆಕ್ಕ ಹಿಡಿದೇ ಎಂಬುದನ್ನು ನೆನಪಿಡಿ.

ಆಫೀಸಿನ ಪ್ರಶ್ನೆಗೆ ಬರೋಣ. ನಿಮ್ಮ ರಿಟರ್ನ್ ಆಗಲಿ ಎಐಎಸ್ ಆಗಲಿ ಕಂಪನಿಗೆ ಕಾಣುವುದಿಲ್ಲ. ನೀವಾಗಿಯೇ ಪೇರೋಲ್ ವಿಭಾಗಕ್ಕೆ ಹೇಳಿದರೆ ಮಾತ್ರ ಅವರು ಹೊರಗಿನ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡು ಸಂಬಳದಲ್ಲೇ ಹೆಚ್ಚು ಹಿಡಿಯುತ್ತಾರೆ, ಹೇಳಲೇಬೇಕೆಂಬ ನಿಯಮವಿಲ್ಲ. ಮುಂದೆ ಕೆಲಸ ಬದಲಿಸುವಾಗ ಹೊಸ ಕಂಪನಿ ರಿಟರ್ನ್ ಪ್ರತಿ ಕೇಳಬಹುದು, ಅಲ್ಲಿ ಎಲ್ಲವೂ ಕಾಣುತ್ತದೆ. ಆದ್ದರಿಂದ ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ಎಂದು ಇಂದೇ ಓದಿ. 2022ರಲ್ಲಿ ವಿಪ್ರೊ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಜನರನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಇನ್ಫೋಸಿಸ್ ಮುಂಚಿತ ಅನುಮತಿ ಪಡೆದು ಹೊರಗಿನ ಕೆಲಸ ಮಾಡಲು ದಾರಿ ಮಾಡಿಕೊಟ್ಟಿತು. ನಿಮ್ಮ ಕಂಪನಿಯೂ ನಿರ್ಮಾಣ ಕ್ಷೇತ್ರದ್ದೇ ಆದರೆ ನೀವು ಹೊರಗೆ ಮಾಡುವ ಡ್ರಾಯಿಂಗ್ ಅವರ ವ್ಯವಹಾರಕ್ಕೆ ಅಡ್ಡಬರುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಅನುಮತಿ ಕೇಳುವುದಾದರೆ ಲಿಖಿತವಾಗಿ ಕೇಳಿ, ಯಾವ ಬಗೆಯ ಕೆಲಸ, ಯಾರಿಗೆ, ಯಾವ ಹೊತ್ತಿನಲ್ಲಿ ಎಂದು ಸ್ಪಷ್ಟವಾಗಿ ಬರೆಯಿರಿ. ಅನುಮತಿ ಇಲ್ಲ ಎಂಬ ಕಾರಣಕ್ಕೆ ಆದಾಯ ಮುಚ್ಚಿಡಲು ತೆರಿಗೆ ಕಾಯ್ದೆಯಲ್ಲಿ ಅವಕಾಶವಿಲ್ಲ.

ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ಅದನ್ನು ಬಿಟ್ಟರೆ ಸಲ್ಲಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ.