ಬರಿಗೈ ಸ್ಪಾರಿಂಗ್ ಮಾಡುತ್ತಿರುವ ತಮ್ಮನಿಗೆ

ತಮ್ಮಾ, ನಿನ್ನ ವಿಡಿಯೋ ನೋಡಿದೆ. ‘ಗ್ಲೌಸ್ ಹಾಕಿದರೆ ತಲೆಗೆ ಏಟು ಜಾಸ್ತಿ, ಬರಿಗೈ ಆಟವೇ ಸೇಫ್’ ಅಂತ ಬರೆದು ಮಾಳಿಗೆ ಮೇಲೆ ಗೆಳೆಯನ ಜೊತೆ ಬಾಕ್ಸಿಂಗ್ ಸ್ಪಾರಿಂಗ್, ಅಂದರೆ ಅಭ್ಯಾಸದ ಗುದ್ದಾಟ, ಆಡುತ್ತಿದ್ದೀಯ. ಹನ್ನೆರಡು ವರ್ಷದ ಹಿಂದೆ ಜಮಖಂಡಿಯಲ್ಲಿ ನಾನೂ ಇದನ್ನೇ ಮಾಡಿದ್ದೆ.

ನೀನು ಹೇಳಿದ್ದು ಅರ್ಧ ನಿಜ. ಗ್ಲೌಸ್ ಕಾಯುವುದು ಹೊಡೆಯುವವನ ಕೈಯನ್ನು, ಏಟು ತಿನ್ನುವವನ ಮಿದುಳನ್ನಲ್ಲ. ಕೈ ನೋಯದು ಅಂತ ಗೊತ್ತಾದರೆ ತಲೆಗೇ ಗುರಿ, ಅಲ್ವಾ? 1889ರಲ್ಲಿ ಅಮೆರಿಕದ ಬಾಕ್ಸರ್‌ಗಳಾದ ಸುಲಿವನ್, ಕಿಲ್ರೈನ್ ಬರಿಗೈಯಲ್ಲಿ 75 ಸುತ್ತು ಆಡಿದರು. ಆಗಿನ ಸುತ್ತು ಅಂದರೆ ಒಬ್ಬ ಕೆಳಗೆ ಬೀಳುವ ತನಕ, ನಮ್ಮ ಮೂರು ನಿಮಿಷ ಅಲ್ಲ. ಕುಸ್ತಿಯ ಹಾಗೆ ಎತ್ತಿ ಒಗೆಯುವುದೂ ಇತ್ತು. ಅವರಿಗೆ ಮುಖ ಬಿಟ್ಟು ಹೊಟ್ಟೆಗೆ ಹೊಡೆದು ಕೈ ಉಳಿಸಿಕೊಳ್ಳುವ ಬುದ್ಧಿ ಇತ್ತು. ನಮಗೆ ಸಿಟ್ಟು ಬಂದ ಮೇಲೆ ಹೊಟ್ಟೆ ಎಲ್ಲಿ, ಮುಖ ಎಲ್ಲಿ?

ನಾನು ಪಕ್ಕದಿಂದ ಬೀಸಿದ ಹುಕ್ ಗುದ್ದು ಗೆಳೆಯನ ಹಲ್ಲಿಗೆ ಬಿತ್ತು. ಅವನ ತುಟಿ ಒಡೆಯಿತು, ಅಷ್ಟೇ. ನನ್ನ ನಡುಬೆರಳಿನ ಗೆಣ್ಣಿನ ಮೇಲೆ ಜೋಳದ ಕಾಳಿನಷ್ಟು ಗಾಯ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆ. ಮೂರನೇ ದಿನ ಕೈ ಬದನೆಕಾಯಿ ಹಾಗೆ ಊದಿತು, ಜ್ವರ ಬಂತು. ಬೆಳಗಾವಿಗೆ ಹೋದರೆ ಕೊಯ್ದು ತೊಳೆದು ಐದು ದಿನ ಮಲಗಿಸಿದರು. ಡಾಕ್ಟರ್ ಹೇಳಿದ್ದು ಇದು: ಮುಷ್ಟಿ ಬಿಗಿದಾಗ ಹಲ್ಲು ಒಳಗೆ ನಾಟುತ್ತದೆ. ಬೆರಳು ಬಿಚ್ಚಿದ ಕೂಡಲೇ ಬೆರಳನ್ನು ಎಳೆಯುವ ಸ್ನಾಯುವಿನ ಹುರಿ ಹಿಂದೆ ಸರಿದು ಬಾಯಿಯ ಹೊಲಸನ್ನು ಒಳಗೇ ಮುಚ್ಚಿಬಿಡುತ್ತದೆ. ಆ ಬೆರಳು ಇವತ್ತಿಗೂ ಪೂರ್ತಿ ಮಡಚದು. ಕಟಕ್ ರೊಟ್ಟಿ ಮುರಿಯುವಾಗ ನೆನಪಾಗುತ್ತದೆ.

ಅದಕ್ಕೇ, ಹಲ್ಲು ತಾಗಿದರೆ ಅದೇ ದಿನ ಆಸ್ಪತ್ರೆಗೆ ಹೋಗು. ‘ಬಾಗಿಲಿಗೆ ಬಡಿಯಿತು’ ಅಂತ ಸುಳ್ಳು ಹೇಳಬೇಡ, ನಾನು ಹೇಳಿ ಕೆಟ್ಟೆ. ಕಿರುಬೆರಳಿನ ಹಿಂದಿನ ಮೂಳೆ ಮುರಿಯುವುದಂತೂ ಇದ್ದದ್ದೇ. ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರು.

ಅಮೆರಿಕದಲ್ಲಿ 2018ರಿಂದ ಬಿಕೆಎಫ್‌ಸಿ ಅನ್ನುವ ಬರಿಗೈ ಬಾಕ್ಸಿಂಗ್ ಪಂದ್ಯ ನಡೆಯುತ್ತಿದೆ ಅನ್ನುತ್ತೀಯ. ಅಲ್ಲಿ ಎರಡೇ ನಿಮಿಷದ ಸುತ್ತು, ಮಣಿಕಟ್ಟಿಗೆ ಪಟ್ಟಿ, ರಿಂಗ್ ಪಕ್ಕದಲ್ಲೇ ಡಾಕ್ಟರ್. ನಿನ್ನ ಮಾಳಿಗೆ ಮೇಲೆ ಯಾರಿದ್ದಾರೆ? ವಿಡಿಯೋ ಹಿಡಿದ ಹುಡುಗ ಒಬ್ಬ.

ಸ್ಪಾರಿಂಗ್‌ಗೆ 16 ಔನ್ಸ್ ತೂಕದ ಗ್ಲೌಸ್, ಒಳಗೆ ಕೈಗೆ ಸುತ್ತುವ 180 ಇಂಚಿನ ಪಟ್ಟಿ. 10 ಔನ್ಸ್ ತಂದು ‘ಹಗುರ ಇದೆ’ ಅನ್ನಬೇಡ. ಎವರ್‌ಲಾಸ್ಟ್ ಕಂಪನಿಯದೇ ಬೇಕು ಅಂತ ಹಟ ಯಾಕೆ, ಯುಎಸ್‌ಐ ಕಂಪನಿಯದೂ ನಡೆಯುತ್ತದೆ. ಗ್ಲೌಸ್ ಹಾಕಿದ ಕೈಯನ್ನು ಹೆಬ್ಬೆರಳಿಂದ ಒತ್ತಿದಾಗ ಒಳಗಿನ ಗೆಣ್ಣು ಸಿಕ್ಕರೆ ಯಾವ ಕಂಪನಿಯದಾದರೂ ಬಿಸಾಕು. 16 ಇದೆ ಅಂತ ಪೂರ್ತಿ ಜೋರು ಹೊಡೆಯಲೂಬೇಡ. ತಲೆಗೆ ವಾರಕ್ಕೊಂದು ದಿನ, ಅದೂ ಮೆಲ್ಲಗೆ. ಉಳಿದ ದಿನ ಹೊಟ್ಟೆ, ಪಕ್ಕೆ ಸಾಕು. ಹೆಡ್‌ಗಾರ್ಡ್ ಹುಬ್ಬು ಹರಿಯುವುದನ್ನು ತಡೆದೀತು, ತಲೆ ಅಲುಗುವುದನ್ನಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರು ಅದಿಲ್ಲದೇ ಆಡಿದರು. ಹಾಗಂತ ನೀನು ಬಿಡಬೇಡ. ಪಟ್ಟಿಯನ್ನು ದಿನಾ ಒಗೆದು ಬಿಸಿಲಿಗೆ ಹಾಕು, ಗ್ಲೌಸ್ ಮಾತ್ರ ನೆರಳಲ್ಲಿ ಒಣಗಲಿ.

ಇನ್ನೊಂದು. ವಿಡಿಯೋದಲ್ಲಿ ಹಿಂದೆ ನೇತಾಡುತ್ತಿರುವ ಆ ಗುದ್ದುವ ಚೀಲಕ್ಕೆ ಮರಳು ತುಂಬಿದ್ದೀಯ ಅಲ್ವಾ? ತಳಕ್ಕೆ ಇಳಿದು ಕಲ್ಲಾಗುತ್ತದೆ. ಪೂರ್ತಿ ಸುರಿದು ದರ್ಜಿ ಅಂಗಡಿಯ ಚಿಂದಿ ತುಂಬು. ಹಳೇ ಪ್ಯಾಂಟ್ ಹಾಕುವುದಾದರೆ ಗುಂಡಿ, ಜಿಪ್ ಮೊದಲು ಕಿತ್ತುಬಿಡು.