ಕಲಬುರಗಿಯಿಂದ ದುಬೈಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ತಾಸು?

ನಿಮ್ಮ ತಮ್ಮನ ವಿಮಾನ ಹೈದರಾಬಾದಿನಿಂದ ಬೆಳಗಿನ ಜಾವ 4ಕ್ಕೆ ಹೊರಟು 6.30ಕ್ಕೆ ದುಬೈ ಸೇರುತ್ತದೆ, ಮರಳುವಾಗ ರಾತ್ರಿ 10ಕ್ಕೆ ಹೊರಟು 3ಕ್ಕೆ ಇಳಿಯುತ್ತದೆ ಎಂದು ಬರೆದಿದ್ದೀರಿ. ಹೋಗಲು ಎರಡೂವರೆ ತಾಸು, ಬರಲು ಐದು ತಾಸು, ಇದೆಂಥ ಲೆಕ್ಕ ಎಂಬುದು ನಿಮ್ಮ ಪ್ರಶ್ನೆ.

ಟಿಕೆಟ್‌ನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಸೇರುವ ವೇಳೆ ಸೇರುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಇದೆ. ಅಲ್ಲಿ 6.30 ಆದಾಗ ನಿಮ್ಮ ಮನೆಯಲ್ಲಿ 8 ಗಂಟೆ, ಅಲ್ಲಿ ರಾತ್ರಿ 10 ಆದಾಗ ಇಲ್ಲಿ 11.30. ಅಂದರೆ ಹೋಗಲು ನಾಲ್ಕು ತಾಸು, ಬರಲು ಮೂರೂವರೆ. ಟಿಕೆಟ್ ನೋಡಿದರೆ ಬರುವುದೇ ಹೆಚ್ಚು ಹೊತ್ತು ಎನಿಸುತ್ತದೆ, ನಿಜ ಅದರ ತಿರುಗುಮುರುಗು.

ಆ ಅರ್ಧ ತಾಸಿನ ವ್ಯತ್ಯಾಸಕ್ಕೆ ಗಾಳಿ ಕಾರಣ. ವಿಮಾನ ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಚಳಿಗಾಲದಲ್ಲಿ ಅರಬ್ ನಾಡು ಮತ್ತು ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ಅದರ ವೇಗ ತಾಸಿಗೆ ನೂರು ಕಿಲೋಮೀಟರ್ ದಾಟುವುದು ಸಾಮಾನ್ಯ. ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಬೆನ್ನಿಗೆ ನಿಂತು ನೂಕುತ್ತದೆ. ಮಳೆಗಾಲದಲ್ಲಿ ಈ ಗಾಳಿಯ ಪಟ್ಟಿ ಹಿಮಾಲಯದ ಆಚೆಗೆ ಸರಿಯುವುದರಿಂದ ಅಂತರ ಕಡಿಮೆಯಾಗುತ್ತದೆ. ಇನ್ನೊಂದು ವಿಷಯ: ಟಿಕೆಟ್‌ನ ನಾಲ್ಕು ತಾಸೂ ಆಕಾಶದಲ್ಲಿ ಕಳೆಯುವುದಿಲ್ಲ. ನಿಂತ ಜಾಗದಿಂದ ಹೊರಟು ರನ್‌ವೇ ತಲುಪುವ, ಇಳಿದ ಮೇಲೆ ಮತ್ತೆ ನಿಲ್ಲುವ ಜಾಗಕ್ಕೆ ಬರುವ ಹೊತ್ತೂ ಅದರಲ್ಲಿ ಸೇರಿರುತ್ತದೆ.

ದೂರದ ಮಾತಿಗೆ ಬಂದರೆ, ಕಲಬುರಗಿಯಿಂದ ದುಬೈಗೆ ನೇರ ಗೆರೆ ಎಳೆದರೆ ಸುಮಾರು 2,390 ಕಿಲೋಮೀಟರ್, ಹೈದರಾಬಾದಿನಿಂದ ಸುಮಾರು 2,550. ನಮ್ಮ ಊರಿಗೂ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಬಂತು, ಆದರೆ ಅಲ್ಲಿಂದ ದುಬೈಗೆ ನೇರ ವಿಮಾನವಿಲ್ಲ; ನಿಮ್ಮ ತಮ್ಮನಂತೆ ಹೈದರಾಬಾದಿನಿಂದ ಹಾರುವವರು ಮೊದಲು ಅಲ್ಲಿನ ವಿಮಾನ ನಿಲ್ದಾಣವಿರುವ ಶಂಶಾಬಾದಿಗೆ ಹೋಗಬೇಕು. ಇದರಲ್ಲೊಂದು ತಮಾಷೆ ಇದೆ. ಭೂಗೋಳದ ಮೇಲೆ ಶಂಶಾಬಾದಿನಿಂದ ದುಬೈಗೆ ದಾರ ಹಿಡಿದರೆ ಅದು ಹೆಚ್ಚೂಕಡಿಮೆ ಹುಮನಾಬಾದಿನ ಮೇಲೆಯೇ ಹಾದುಹೋಗುತ್ತದೆ. ಹುಮನಾಬಾದ್, ಜಹೀರಾಬಾದ್ ದಾಟಿ ಪೂರ್ವಕ್ಕೆ ಹೋಗಿ, ವಿಮಾನ ಹತ್ತಿ, ಅದೇ ಸೀಮೆಯ ಮೇಲೆ ಪಶ್ಚಿಮಕ್ಕೆ ಮರಳಿದಂತೆ! ವಿಮಾನದ ದಾರಿ ದಿನದಿನಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ ಎನ್ನಿ.

ಮನೆಯಿಂದ ಲೆಕ್ಕ ಹಿಡಿಯುವುದೇ ಸರಿ. ವಿದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ನಿಲ್ದಾಣದಲ್ಲಿರಬೇಕು, ಅಂದರೆ ರಾತ್ರಿ 1ಕ್ಕೆ. ಕಾರಿನಲ್ಲಿ ಊಟ, ಚಹಾ ಸೇರಿ ಐದು ತಾಸು ಇಟ್ಟುಕೊಳ್ಳಿ. ಪಟಾನ್‌ಚೆರು ಬಳಿ ಹೊರವರ್ತುಲ ರಸ್ತೆ ಹಿಡಿದರೆ ನಗರದೊಳಗೆ ಸಿಲುಕುವುದು ತಪ್ಪುತ್ತದೆ. ಹಿಂದಿನ ರಾತ್ರಿ 8ಕ್ಕೆ ಮನೆ ಬಿಟ್ಟರೆ ದುಬೈಯಲ್ಲಿ ಇಳಿಯುವಷ್ಟರಲ್ಲಿ ಹನ್ನೆರಡು ತಾಸು. ರೈಲಿನಲ್ಲಿ ವಾಡಿ, ತಾಂಡೂರು, ವಿಕಾರಾಬಾದ್ ಮೇಲೆಯೂ ಹೋಗಬಹುದು, ಆದರೆ ಹೈದರಾಬಾದಿನ ನಾಂಪಲ್ಲಿ ರೈಲು ನಿಲ್ದಾಣದಲ್ಲಿ ಇಳಿದು ಮತ್ತೆ ಶಂಶಾಬಾದಿಗೆ ವಾಹನ ಹುಡುಕಬೇಕು. ಪೆಟ್ಟಿಗೆಗಳಿದ್ದರೆ ನಾನಂತೂ ಈ ದಾರಿ ಹೇಳುವುದಿಲ್ಲ.

ತಾರೀಖನ್ನು ಮಾತ್ರ ಎರಡು ಸಲ ನೋಡಿ. 15ರ ಬೆಳಗಿನ ಜಾವ 4 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ರಾತ್ರಿ. ಮರಳುವಾಗಲೂ ಅಷ್ಟೇ, ಕರೆತರಲು ಹೋಗುವವರು ಅವನು ಅಲ್ಲಿಂದ ಹೊರಟ ಮರುದಿನದ ತಾರೀಖನ್ನು ಗುರುತು ಹಾಕಿಕೊಳ್ಳಬೇಕು.