ತಂಡ ಸೋಲುತ್ತಿದ್ದರೂ ಮ್ಯಾನೇಜರ್‌ನ ಯಾಕೆ ತೆಗೆಯೋದಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್ ಯುನೈಟೆಡ್ ಮಾಲೀಕ ಮೈಕ್ ಆಶ್ಲಿ ಕೈಯಲ್ಲಿದ್ದಾಗ ಅಭಿಮಾನಿಗಳು ಎಷ್ಟು ಕೂಗಾಡಿದರೂ ಮ್ಯಾನೇಜರ್ (ಮುಖ್ಯ ಕೋಚ್) ಸ್ಟೀವ್ ಬ್ರೂಸ್ ಅವರನ್ನು ತೆಗೆಯಲಿಲ್ಲ. ತಂಡ ಚೆನ್ನಾಗಿ ಆಡಿದರೆ ಮಾಲೀಕನಿಗೂ ಲಾಭ ಅಲ್ವಾ?

ಉತ್ತರ: ಲಾಭವೇನೋ ಹೌದು, ಆದರೆ ನೀವು ಅಂದುಕೊಂಡಷ್ಟಿಲ್ಲ. ಅಲ್ಲಿನ ಅಗ್ರ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನ ಟಿವಿ ಹಣದಲ್ಲಿ ದೊಡ್ಡ ಪಾಲು 20 ಕ್ಲಬ್‌ಗಳಿಗೂ ಸಮನಾಗಿ ಹೋಗುತ್ತದೆ. 2016-17ರಲ್ಲಿ ಕಟ್ಟಕಡೆಗೆ ಬಂದ ಸಂಡರ್ಲೆಂಡ್‌ಗೂ ಸುಮಾರು 93 ಮಿಲಿಯನ್ ಪೌಂಡ್ ಸಿಕ್ಕಿತ್ತು. ಹಾಗಾಗಿ ಪಟ್ಟಿಯಲ್ಲಿ ಎರಡು ಮೂರು ಸ್ಥಾನ ಮೇಲೇರಿದರೆ ಬರೋದು ಕೆಲವೇ ಮಿಲಿಯನ್, ಕೆಳಗಿನ ಡಿವಿಷನ್‌ಗೆ ಜಾರಿದರೆ ಕೈಬಿಟ್ಟು ಹೋಗೋದು ಹತ್ತಾರು ಮಿಲಿಯನ್. ಇಂಥ ಮಾಲೀಕ ಕೇಳೋದು ಒಂದೇ: ಈ ಮನುಷ್ಯ ನಮ್ಮನ್ನು ಲೀಗ್‌ನಲ್ಲಿ ಉಳಿಸ್ತಾನಾ? ಬ್ರೂಸ್ ಉಳಿಸಿದರು. ಮೊದಲ ವರ್ಷ 13ನೇ ಸ್ಥಾನ, ಮರುವರ್ಷ 12.

ಇನ್ನೊಂದು ಕಾರಣ, ಕ್ಲಬ್ ಮಾರಾಟಕ್ಕಿತ್ತು. 2020ರ ಏಪ್ರಿಲ್‌ನಿಂದಲೇ ಸೌದಿ ನೇತೃತ್ವದ ಗುಂಪಿನ ಮಾತುಕತೆ ಸುದ್ದಿಯಲ್ಲಿತ್ತು, ಜುಲೈನಲ್ಲಿ ಅವರು ಹಿಂದೆ ಸರಿದರು, ಕೊನೆಗೆ 2021ರ ಅಕ್ಟೋಬರ್ 7ರಂದು 305 ಮಿಲಿಯನ್ ಪೌಂಡ್‌ಗೆ ವ್ಯಾಪಾರ ಮುಗಿಯಿತು. ಇವತ್ತೋ ನಾಳೆಯೋ ಮಾರುವವನು, ಒಪ್ಪಂದ ಮುಗಿಯೋ ಮೊದಲೇ ತೆಗೆದಿದ್ದಕ್ಕೆ ಪರಿಹಾರ ಕೊಟ್ಟು ಮ್ಯಾನೇಜರ್ ಬದಲಿಸ್ತಾನಾ? ಆ ಖರ್ಚು ಹೊಸಬರ ತಲೆಗೆ ಬರಲಿ ಅಂತ ಆಶ್ಲಿ ಕಾದರು ಅನ್ನೋದು ನನ್ನ ಅಂದಾಜು. ಹಾಗೇ ಆಯಿತು ಕೂಡ. ಹೊಸ ಮಾಲೀಕರ ಮೊದಲ ಪಂದ್ಯದಲ್ಲಿ ಟಾಟನ್‌ಹ್ಯಾಮ್ ಎದುರು ಎರಡನೇ ನಿಮಿಷಕ್ಕೇ ಕ್ಯಾಲಮ್ ವಿಲ್ಸನ್ ಗೋಲು ಹೊಡೆದರು, ಮೈದಾನ ಕುಣಿಯಿತು, ಆಮೇಲೆ 2-3ರಿಂದ ಸೋಲು. ಮೂರೇ ದಿನಕ್ಕೆ ಬ್ರೂಸ್ ಹೊರಗೆ. ಅವರಿಗೆ ಸಿಕ್ಕ ಪರಿಹಾರ ಸುಮಾರು 8 ಮಿಲಿಯನ್ ಪೌಂಡ್ ಅಂತ ಪತ್ರಿಕೆಗಳು ಬರೆದವು.

ಹಾಗಂತ ಆಶ್ಲಿ ಬಿಡಿಗಾಸೂ ಬಿಚ್ಚಲಿಲ್ಲ ಅನ್ನೋದು ಸರಿಯಲ್ಲ. ಕ್ಲಬ್‌ಗೆ 100 ಮಿಲಿಯನ್‌ಗೂ ಜಾಸ್ತಿ ಬಡ್ಡಿಯಿಲ್ಲದ ಸಾಲ ಕೊಟ್ಟಿದ್ದರು. ನನ್ನ ತಕರಾರು ಬೇರೆ. ದುಡ್ಡಿನ ಲೆಕ್ಕದಲ್ಲೇ ನೋಡಿದರೂ ತಡ ಮಾಡೋದು ದುಬಾರಿ. 2016ರ ಜನವರಿ ನೋಡಿ. ಆಗಿನ ಮ್ಯಾನೇಜರ್ ಸ್ಟೀವ್ ಮೆಕ್‌ಕ್ಲಾರೆನ್ ಕೈಯಲ್ಲಿ ತಂಡ ಮುಳುಗುತ್ತಿತ್ತು, ಆದರೂ ಅವರನ್ನು ಇಟ್ಟುಕೊಂಡು ಶೆಲ್ವಿ, ಟೌನ್ಸೆಂಡ್ ಅಂತ ಆಟಗಾರರನ್ನು ಕೊಂಡರು. ಆಟಗಾರನಿಗೆ ಹಾಕಿದ ದುಡ್ಡು ಮಾರಿದರೆ ವಾಪಸ್ ಬರುತ್ತದೆ, ಟೌನ್ಸೆಂಡ್ ಅದೇ ಬೇಸಿಗೆಯಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ ಹೋದರು. ಮ್ಯಾನೇಜರ್‌ಗೆ ಕೊಟ್ಟ ಪರಿಹಾರ ಹೋದದ್ದು ಹೋಯಿತು ಅಷ್ಟೇ. ಮಾಲೀಕರು ಹಿಂಜರಿಯೋದು ಇಲ್ಲೇ.

ಕೊನೆಗೆ ಮಾರ್ಚ್‌ನಲ್ಲಿ, 10 ಪಂದ್ಯ ಉಳಿದಿದ್ದಾಗ, ಅವರ ಜಾಗಕ್ಕೆ ರಫಾ ಬೆನಿಟೆಜ್ ಬಂದರು. ಕೊನೆಯ 6 ಪಂದ್ಯದಲ್ಲಿ ತಂಡ ಒಂದೂ ಸೋಲಲಿಲ್ಲ. ಆದರೂ 2 ಅಂಕದ ಕೊರತೆಯಿಂದ ಕೆಳಗಿನ ಡಿವಿಷನ್‌ಗೆ ಇಳಿಯಿತು, ಅದೂ 5 ಬಿಲಿಯನ್ ಪೌಂಡ್‌ಗೂ ಮೀರಿದ ಹೊಸ ಟಿವಿ ಒಪ್ಪಂದ ಶುರುವಾಗಬೇಕಿದ್ದ ಬೇಸಿಗೆಯಲ್ಲೇ.